ಹೋಗಾರ್ತ್‌ನ ವಿಡಂಬನೆಯ ಅಚ್ಚುಗಳನ್ನು ಓದುವ ಬಗೆ: ಅಂಚಿನಿಂದ ಒಳಕ್ಕೆ

ವಿಲಿಯಂ ಹೋಗಾರ್ತ್ (1697–1764) ಲಂಡನ್ನಿನ ಬದುಕನ್ನು ತಾಮ್ರದ ತಗಡಿನ ಮೇಲೆ ಕೊರೆದು, ಅಚ್ಚು ತೆಗೆದು ಮಾರಿದ ಕಲಾವಿದ. ಅವನ ಚಿತ್ರ ಎದುರಿಗಿದ್ದರೆ ಕಣ್ಣು ನೇರ ನಡುವಿನ ಜನರ ಮೇಲೆ ಹೋಗುತ್ತದೆ. ಅಲ್ಲಿಂದ ಶುರು ಮಾಡಬೇಡಿ. ಮೊದಲು ಕೆಳ ಅಂಚಿನ ಸಣ್ಣಕ್ಷರ, ಆಮೇಲೆ ಕಾಗದ ಮತ್ತು ಗೆರೆ, ಕೊನೆಗೆ ಚಿತ್ರ. ಒಂದೇ ತಗಡಿನಿಂದ ದಶಕಗಟ್ಟಲೆ ಅಚ್ಚು ತೆಗೆದಿದ್ದಾರೆ, ನಡುವೆ ತಗಡನ್ನೇ ತಿದ್ದಿದ್ದಾರೆ. ತಿದ್ದಿದಾಗ ವಿಡಂಬನೆಯ ಗುರಿಯೂ ಸರಿದಿದೆ. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ, ಹಾಳೆಯ ಹಿಂದೆ ಹಿಡಿಯಲು ಬಿಸಿಯಾಗದ ದೀಪ, ಇಷ್ಟಿದ್ದರೆ ಸಾಕು.

ಅಂಚಿನಲ್ಲಿ ಹೆಸರಿನ ಪಕ್ಕ 'ಪಿಂಕ್ಸ್.' ಎಂದಿದ್ದರೆ ಬಣ್ಣದ ಚಿತ್ರ ಬರೆದವನು, 'ಡೆಲ್.' ಎಂದರೆ ರೇಖಾಚಿತ್ರ ಬರೆದವನು, 'ಸ್ಕಲ್ಪ್.' ಎಂದರೆ ತಗಡು ಕೊರೆದವನು. ಎಲ್ಲವೂ ಹೋಗಾರ್ತ್‌ನ ಕೈಯಲ್ಲೇ ಆದದ್ದಲ್ಲ: 1745ರ 'ಮ್ಯಾರಿಯೇಜ್ ಅ-ಲಾ-ಮೋಡ್' ಸರಣಿಯ ಆರು ತಗಡುಗಳನ್ನು ಕೊರೆದವರು ಸ್ಕೋಟಿನ್, ಬಾರಾನ್, ರಾವನೆ ಎಂಬ ಫ್ರೆಂಚ್ ಕೆತ್ತನೆಗಾರರು. 'ಪಾರ್ಲಿಮೆಂಟಿನ ಕಾಯಿದೆಯಂತೆ ಪ್ರಕಟಿತ' ಎಂಬ ಸಾಲು ಕಂಡರೆ, ಅದು 1735ರ ಕೃತಿಸ್ವಾಮ್ಯ ಕಾಯಿದೆಯ ಗುರುತು. ಕಳ್ಳ ನಕಲುಗಳ ಕಾಟಕ್ಕೆ ಬೇಸತ್ತು ಹೋಗಾರ್ತ್ ಹೋರಾಡಿ ಪಡೆದ ಕಾಯಿದೆ ಇದು. ಕೆತ್ತನೆಗೆ 14 ವರ್ಷ ರಕ್ಷಣೆ ಕೊಟ್ಟಿತು. ಅದು ಜಾರಿಗೆ ಬರಲೆಂದೇ ಅವನು ದುಂದುಗಾರನೊಬ್ಬನ ಪತನದ ಕಥೆ ಹೇಳುವ 'ರೇಕ್ಸ್ ಪ್ರೋಗ್ರೆಸ್' ಸರಣಿಯ ಎಂಟು ಚಿತ್ರಗಳನ್ನು 1735ರ ಜೂನ್ 25ರವರೆಗೆ ತಡೆಹಿಡಿದ.

ಹೆಚ್ಚಿನವರು ಎಡವುವುದು ಇಲ್ಲಿಯೇ. ಅಂಚಿನ ತಾರೀಖು ಮೊದಲ ಪ್ರಕಟಣೆಯದು, ಈ ಹಾಳೆ ಅಚ್ಚಾದ ದಿನದ್ದಲ್ಲ. ಅದೇ ಸರಣಿಯ ಕೊನೆಯ ಚಿತ್ರವಾದ ಬೆಡ್ಲಂ ಹುಚ್ಚಾಸ್ಪತ್ರೆಯ ಗೋಡೆಯನ್ನು ನೋಡಿ. ಅಲ್ಲಿ ಬ್ರಿಟಾನಿಯಾ, ಅಂದರೆ ಬ್ರಿಟನ್ನಿನ ಸಂಕೇತವಾದ ಸ್ತ್ರೀರೂಪದ ಮುದ್ರೆಯ ದೊಡ್ಡ ನಾಣ್ಯವೊಂದು, 1763 ಎಂಬ ಇಸವಿಯೊಡನೆ ಇದ್ದರೆ, ಅಂಚಿನಲ್ಲಿ 1735 ಎಂದಿದ್ದರೂ ಹಾಳೆ ಆಮೇಲಿನದು. ಮುದುಕನಾದ ಹೋಗಾರ್ತ್ ತಗಡನ್ನು ಮತ್ತೆ ಕೈಗೆತ್ತಿಕೊಂಡು ಅದನ್ನು ಸೇರಿಸಿದ. ಒಬ್ಬ ದುಂದುಗಾರನ ದುರಂತವಾಗಿದ್ದ ಚಿತ್ರ ಆ ಒಂದು ನಾಣ್ಯದಿಂದ ಇಡೀ ದೇಶದ ಮೇಲಿನ ಮಾತಾಯಿತು.

ಇನ್ನು ಕಾಗದ. ದೀಪಕ್ಕೆ ಹಿಡಿದಾಗ ಸುಮಾರು 25 ಮಿಲಿಮೀಟರಿಗೊಂದು ಉದ್ದಗೆರೆ, ಅವಕ್ಕೆ ಅಡ್ಡಲಾಗಿ ಒತ್ತೊತ್ತಾದ ಸಣ್ಣ ಗೆರೆಗಳು ಕಂಡರೆ ಅದು ತಂತಿ ಜಾಲರಿಯ ಮೇಲೆ ಮಾಡಿದ ಹಳೆಯ ಬಗೆಯ ಕಾಗದ. ಗೆರೆಯಿಲ್ಲದೆ ಸಮನಾಗಿದ್ದರೆ ತಡವಾದ ಪ್ರತಿ ಎಂದು ಅನುಮಾನಿಸಿ. ಹೋಗಾರ್ತ್ ತೀರಿಕೊಂಡ ಮೇಲೆ ಹೆಂಡತಿ ಜೇನ್ ಅಚ್ಚು ಹಾಕಿಸಿದಳು, ನಂತರ ತಗಡುಗಳು ಅಚ್ಚುಚಿತ್ರಗಳ ಪ್ರಕಾಶಕ ಬಾಯ್ಡೆಲ್ ಕೈಸೇರಿದವು, 1822ರಲ್ಲಿ ಕೆತ್ತನೆಗಾರ ಜೇಮ್ಸ್ ಹೀತ್ ತಿದ್ದಿದ ಆವೃತ್ತಿ ಬಂತು. ತಾಮ್ರ ಮೆದು, ಪ್ರತಿ ಒತ್ತಿಗೂ ಸವೆಯುತ್ತದೆ. ಮೊದಲು ಸಾಯುವುದು ಮುಖದ ಮೇಲಿನ ಮತ್ತು ತಿಳಿನೆರಳಿನ ಎಳೆಗೆರೆಗಳು. ಅವನ್ನು ಮತ್ತೆ ಕೊರೆದ ಪ್ರತಿಗಳಲ್ಲಿ ಕಪ್ಪು ಢಾಳಾಗಿರುತ್ತದೆ, ಆದರೆ ಮುಖಭಾವ ಒರಟಾಗಿರುತ್ತದೆ. ಗಾಢವಾಗಿದೆ ಎಂದು ಮೋಸ ಹೋಗಬೇಡಿ. ಭೂತಗನ್ನಡಿಯಲ್ಲಿ ಗೆರೆಯ ಬದಲು ಚುಕ್ಕೆಗಳ ಸಾಲು ಕಂಡರೆ ಅದು ಫೋಟೋದಿಂದ ತೆಗೆದ ಮುದ್ರಣ. ಸುತ್ತ ತಗಡಿನ ಒತ್ತುಗುರುತು ಇಲ್ಲದಿರುವುದು ಮಾತ್ರ ಸಾಕ್ಷಿಯಲ್ಲ, ಅಂಚು ಕತ್ತರಿಸಿರಬಹುದು.

ಈಗ ಚಿತ್ರ. ತಗಡಿನಲ್ಲಿ ಬರೆದದ್ದು ಕಾಗದದ ಮೇಲೆ ಎಡಬಲ ತಿರುಗುತ್ತದೆ. ಹಾಗಾಗಿ ಲಂಡನ್ನಿನ ನ್ಯಾಷನಲ್ ಗ್ಯಾಲರಿಯ 'ಮ್ಯಾರಿಯೇಜ್' ವರ್ಣಚಿತ್ರ ನೋಡಿ ಎಡ, ಬಲ ಎಂದು ಟಿಪ್ಪಣಿ ಬರೆದರೆ ಅದು ಅಚ್ಚಿಗೆ ಹೊಂದುವುದಿಲ್ಲ.

ಜಿನ್ ಎಂಬ ಅಗ್ಗದ ಕಟುಮದ್ಯಕ್ಕೆ ಬಲಿಯಾದ ಬೀದಿಯ ಚಿತ್ರ, 1751ರ 'ಜಿನ್ ಲೇನ್' ಕೈಗೆತ್ತಿಕೊಳ್ಳಿ. ನಡುವೆ ಕುಡಿದ ಮತ್ತಿನಲ್ಲಿ ನಶ್ಯಕ್ಕೆ ಕೈಹಾಕಿದ ತಾಯಿ, ಕೈತಪ್ಪಿ ಬೀಳುತ್ತಿರುವ ಕೂಸು. ಅವಳನ್ನು ಸದ್ಯಕ್ಕೆ ಬಿಡಿ. ಮೊದಲು ಹಲಗೆಗಳನ್ನು ಓದಿ: ಗಿರವಿ ಅಂಗಡಿಯವನ ಹೆಸರು ಗ್ರೈಪ್, ಅಂದರೆ ಬಿಗಿಹಿಡಿತದವನು, ಜಿನ್ ಭಟ್ಟಿಯವನು ಕಿಲ್‌ಮನ್, ಕೊಲ್ಲುವವನು. ಬಡಗಿ ತನ್ನ ಗರಗಸವನ್ನೂ ಗೃಹಿಣಿ ಪಾತ್ರೆಗಳನ್ನೂ ಒತ್ತೆಯಿಡುತ್ತಿದ್ದಾರೆ; ದುಡಿಯುವ ಉಪಕರಣವೂ ಅಡುಗೆಮನೆಯೂ ಒಟ್ಟಿಗೇ ಹೋದವು. ಆ ಬೀದಿಯಲ್ಲಿ ಏಳಿಗೆ ಕಂಡ ಕಸುಬು ಯಾವುದು ಎಂದು ಎಣಿಸಿ: ಗಿರವಿ, ಭಟ್ಟಿ, ಶವಪೆಟ್ಟಿಗೆ. ದೂರದಲ್ಲಿ ಬ್ಲೂಮ್ಸ್‌ಬರಿಯ ಸೇಂಟ್ ಜಾರ್ಜ್ ಚರ್ಚಿನ ಗೋಪುರ, ತುದಿಯಲ್ಲಿ ದೊರೆ ಒಂದನೇ ಜಾರ್ಜ್. ಧರ್ಮವೂ ಪ್ರಭುತ್ವವೂ ಕಾಣುವಷ್ಟು ಹತ್ತಿರ, ಕೈಗೆಟುಕದಷ್ಟು ದೂರ. ಈಗ ತಾಯಿಯ ಕಡೆ ಬನ್ನಿ. ಅವಳೊಬ್ಬಳ ತಪ್ಪಿನ ಚಿತ್ರ ಇದಲ್ಲ ಎಂಬುದು ಹೊಳೆಯುತ್ತದೆ.

ಬೆಲೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಅಚ್ಚಿಗೆ ಒಂದು ಶಿಲಿಂಗ್, ಅಂದರೆ 12 ಪೆನ್ನಿ. ಚಿತ್ರದೊಳಗಿನ ನೆಲಮಾಳಿಗೆಯ ಬಾಗಿಲ ಮೇಲೋ, ಒಂದು ಪೆನ್ನಿಗೆ ಅಮಲು, ಎರಡಕ್ಕೆ ಮೈಮೇಲೆ ಎಚ್ಚರವಿಲ್ಲದ ಅಮಲು ಎಂದಿದೆ. ಕುಡಿಯುವವರಿಗಿಂತ ಕಾನೂನು ಮಾಡುವವರಿಗೇ ಇದು ಹೆಚ್ಚು ತಲುಪಿತು ಎಂದು ನಾವು ಓದುತ್ತೇವೆ; ಅದೇ ವರ್ಷ ಜಿನ್ ಮಾರಾಟಕ್ಕೆ ಕಡಿವಾಣ ಹಾಕುವ ಜಿನ್ ಕಾಯಿದೆ ಬಂತು.

ಜೋಡಿಚಿತ್ರ 'ಬಿಯರ್ ಸ್ಟ್ರೀಟ್' ಅನ್ನು ಪಕ್ಕದಲ್ಲಿಟ್ಟು ನೋಡದೆ ಓದು ಮುಗಿಯದು. ಅಲ್ಲಿ ಪಾಳುಬಿದ್ದದ್ದು ಗಿರವಿಯವನ ಮನೆಯೊಂದೇ. ಕಮ್ಮಾರನ ಕೈಯನ್ನು ತಪ್ಪದೆ ನೋಡಿ: ಮೊದಲ ಪ್ರತಿಗಳಲ್ಲಿ ಅವನು ಬಡಕಲು ಫ್ರೆಂಚನೊಬ್ಬನನ್ನು ಎತ್ತಿ ಹಿಡಿದಿದ್ದಾನೆ, ತಿದ್ದಿದ ಮೇಲಿನವುಗಳಲ್ಲಿ ದೊಡ್ಡ ಮಾಂಸದ ತುಂಡನ್ನು. ಎರಡು ಪುಸ್ತಕಗಳ ವಿವರಣೆ ಒಂದಕ್ಕೊಂದು ತಾಳೆಯಾಗದಿದ್ದರೆ, ಅವು ಬೇರೆ ಬೇರೆ ಹಂತದ ಪ್ರತಿಗಳನ್ನು ನೋಡಿ ಬರೆದಿರಬಹುದು.