ಹೊಸ ಟೆಲಿಸ್ಕೋಪ್‌ಗೂ ಮೊದಲು ಒಂದು ಮರದ ಪೆಟ್ಟಿಗೆ

2020ರ ಡಿಸೆಂಬರ್ 21ರ ಸಂಜೆ ಗುರು ಮತ್ತು ಶನಿ ಆಕಾಶದಲ್ಲಿ ಅಂಟಿಕೊಂಡ ಹಾಗೆ ಕಂಡಿದ್ದು ನಿಮಗೂ ನೆನಪಿರಬಹುದು. ನಾನು ಟೆಲಿಸ್ಕೋಪ್ ಕೊಂಡಿದ್ದು ಆ ಒಂದು ಸಂಜೆಗಾಗಿ. 114 ಎಂಎಂ ಕನ್ನಡಿ, 900 ಎಂಎಂ ಫೋಕಲ್ ಲೆಂತ್ (ಕನ್ನಡಿಯಿಂದ ಚಿತ್ರ ಮೂಡುವ ಜಾಗದವರೆಗಿನ ದೂರ), ನ್ಯೂಟನ್ ಮಾದರಿಯದು, ಅಂದರೆ ಮಸೂರದ ಬದಲು ಕನ್ನಡಿಯಿಂದ ಬೆಳಕು ಕೂಡಿಸುವಂಥದ್ದು. ತುಮಕೂರಿನ ನಮ್ಮ ಮನೆ ತಾರಸಿಯಿಂದ ಎರಡೂ ಗ್ರಹಗಳನ್ನು ಒಂದೇ ನೋಟದಲ್ಲಿ ನೋಡಿದೆವು. ಒಂದು ಕಡೆ ಉಂಗುರ, ಇನ್ನೊಂದು ಕಡೆ ಗುರುವಿನ ಚಂದ್ರರು. ಮಗ ಕಣ್ಣಿಟ್ಟು ನೋಡುವ ಐಪೀಸ್ ಬಿಟ್ಟು ಕದಲಲಿಲ್ಲ.

ಒಂದು ವರ್ಷ ಕಳೆಯುವಷ್ಟರಲ್ಲಿ ಅದೇ ಟೆಲಿಸ್ಕೋಪ್ ಮೇಲೆ ಬೇಸರ ಶುರುವಾಯಿತು. ಶನಿ ಚಿಕ್ಕದಾಗಿ, ಮಸುಕಾಗಿ ಕಾಣುತ್ತಿತ್ತು. ದೊಡ್ಡದು ಮಾಡಲು ಹೋದರೆ ಅಲುಗಾಡುತ್ತಿತ್ತು. ಆಗ ನನ್ನ ಮುಂದೆ ಎರಡು ದಾರಿ ಇದ್ದವು. ಇದನ್ನು ಮಾರಿ 8 ಇಂಚಿನ (ಸುಮಾರು 200 ಎಂಎಂ) ಕನ್ನಡಿಯ ಡಾಬ್ಸೋನಿಯನ್ ಟೆಲಿಸ್ಕೋಪ್ ಕೊಳ್ಳುವುದು, ಅಂದರೆ ಅರ್ಧ ಲಕ್ಷದ ಹತ್ತಿರದ ಮಾತು. ಇಲ್ಲವೇ ಒಂದಿಷ್ಟು ಐಪೀಸ್, ಫಿಲ್ಟರ್ ಕೊಂಡು ಇದನ್ನೇ ಸುಧಾರಿಸುವುದು.

ನಾನು ಮೊದಲು ಮಾಡಿದ್ದು ಎರಡನೆಯದನ್ನು, ಅದೂ ತಪ್ಪಾಗಿ. ಸೂಟ್‌ಕೇಸ್ ತರಹದ ಡಬ್ಬದಲ್ಲಿ ಬರುವ ಐಪೀಸ್ ಸೆಟ್ ತರಿಸಿದೆ. ಐದು ಐಪೀಸ್, ಬಣ್ಣಬಣ್ಣದ ಫಿಲ್ಟರ್‌ಗಳು. ಆರು ತಿಂಗಳಲ್ಲಿ ಅದರಿಂದ ನಿಜವಾಗಿ ಕೈಗೆ ಬಂದಿದ್ದು 32 ಎಂಎಂ ಐಪೀಸ್ ಒಂದೇ. ಸೆಟ್ ಕೆಟ್ಟದ್ದೇನಲ್ಲ. ನನಗೆ ಏನು ಕಡಿಮೆಯಾಗಿದೆ ಅನ್ನುವುದು ನನಗೇ ಗೊತ್ತಿರಲಿಲ್ಲ.

ಆಮೇಲೆ ಒಂದು ನೋಟ್‌ಬುಕ್ ಇಟ್ಟೆ. ಪ್ರತಿ ರಾತ್ರಿ ಏನು ಕಾಣಲಿಲ್ಲ, ಯಾಕೆ ಕಾಣಲಿಲ್ಲ ಎಂದು ಎರಡು ಸಾಲು ಬರೆಯುತ್ತಾ ಹೋದೆ. ಎರಡು ತಿಂಗಳ ನಂತರ ತಿರುವಿ ನೋಡಿದರೆ, 'ಕನ್ನಡಿ ಚಿಕ್ಕದು' ಅನ್ನುವ ಕಾರಣ ಎರಡೋ ಮೂರೋ ಕಡೆ ಮಾತ್ರ ಇತ್ತು. ಜಾಸ್ತಿ ಇದ್ದ ಮಾತು 'ಅಲುಗಾಟ'.

ಅಲುಗಾಟವನ್ನು ಅಳೆಯುವುದು ಸುಲಭ. ಗ್ರಹವನ್ನು ಫೋಕಸ್ ಮಾಡಿ, ಟ್ಯೂಬ್ ಮೇಲೆ ಬೆರಳಿನಿಂದ ಮೆಲ್ಲಗೆ ಒಂದು ಏಟು ಕೊಡಿ. ಚಿತ್ರ ನಿಲ್ಲುವವರೆಗೆ ಎಣಿಸಿ. ನನ್ನದು ಆರೇಳು ಸೆಕೆಂಡ್ ತೆಗೆದುಕೊಳ್ಳುತ್ತಿತ್ತು. ಫೋಕಸ್ ಗುಂಡಿ ಮುಟ್ಟಿದಾಗಲೆಲ್ಲ ಇಷ್ಟು ಹೊತ್ತು ನಡುಗಿದರೆ ಸರಿಯಾದ ಫೋಕಸ್ ಎಲ್ಲಿದೆ ಅಂತ ಗೊತ್ತಾಗುವುದೇ ಇಲ್ಲ. ಇದರ ಮೇಲೆ ಎಷ್ಟು ದುಬಾರಿ ಐಪೀಸ್ ಹಾಕಿದರೂ ಅದು ತೋರಿಸುವುದು ಅದೇ ನಡುಕವನ್ನು.

ಟೆಲಿಸ್ಕೋಪ್ ಜೊತೆಗೆ ಬಂದಿದ್ದು ಈಕ್ವೆಟೋರಿಯಲ್ ಮೌಂಟ್, ಅಂದರೆ ನಕ್ಷತ್ರಗಳ ಓಟಕ್ಕೆ ತಕ್ಕಂತೆ ಒಂದು ಅಕ್ಷದ ಮೇಲೆ ತಿರುಗುವ ಸ್ಟ್ಯಾಂಡ್. ಅದರ ಅಕ್ಷವನ್ನು ಧ್ರುವ ನಕ್ಷತ್ರದ ಕಡೆ ತಿರುಗಿಸಬೇಕು. ತುಮಕೂರಿನಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಬರೀ 13 ಡಿಗ್ರಿ ಮೇಲಿರುತ್ತದೆ. ನಮಗೆ ಅದು ಪಕ್ಕದ ಮನೆಯ ನೀರಿನ ಟ್ಯಾಂಕ್ ಹಿಂದೆ ಅಡಗುತ್ತದೆ. ಅಕ್ಷವನ್ನು ಅಷ್ಟು ಕೆಳಗೆ ಬಾಗಿಸಿದರೆ ಟ್ಯೂಬಿನ ತೂಕವನ್ನು ಸರಿದೂಗಿಸುವ ಭಾರದ ಗುಂಡು ಟ್ರೈಪಾಡ್ ಕಾಲಿಗೆ ತಗಲುತ್ತದೆ. ಉತ್ತರದ ದೇಶಗಳಿಗೆ ಹೊಂದುವ ಮೌಂಟ್ ನಮ್ಮ ಅಕ್ಷಾಂಶಕ್ಕೆ ಕಷ್ಟ. ಇದನ್ನು ಕೊಳ್ಳುವಾಗ ಯಾರೂ ಹೇಳುವುದಿಲ್ಲ, ಅದಕ್ಕೇ ಇಲ್ಲಿ ಬರೆದಿದ್ದೇನೆ.

ಡಾಬ್ಸೋನಿಯನ್ ಅಂದರೆ ಬೇರೆ ಜಾತಿಯ ಟೆಲಿಸ್ಕೋಪ್ ಅಲ್ಲ. ಅದೇ ನ್ಯೂಟನ್ ಟ್ಯೂಬ್, ಮರದ ಪೆಟ್ಟಿಗೆಯ ಮೇಲೆ ಕೂತಿರುತ್ತದೆ ಅಷ್ಟೆ. ಇದನ್ನು ಜನಪ್ರಿಯ ಮಾಡಿದ ಜಾನ್ ಡಾಬ್ಸನ್ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರಾಮಕೃಷ್ಣ ಪರಂಪರೆಯ ವೇದಾಂತ ಆಶ್ರಮದಲ್ಲಿ 1967ರವರೆಗೆ ಸನ್ಯಾಸಿಯಾಗಿದ್ದವರು. ಸಿಕ್ಕ ಸಾಮಾನಿನಿಂದ ಟೆಲಿಸ್ಕೋಪ್ ಕಟ್ಟಿ, ಆಮೇಲೆ ಫುಟ್‌ಪಾತಿನಲ್ಲಿಟ್ಟು ದಾರಿಹೋಕರಿಗೆಲ್ಲ ಚಂದ್ರನನ್ನು ತೋರಿಸಿದರು. ಅವರ ಬಗ್ಗೆ ಓದಿದಾಗ ಅನ್ನಿಸಿತು: ನನ್ನ ಟ್ಯೂಬ್ ಇದೆಯಲ್ಲ, ಪೆಟ್ಟಿಗೆ ಮಾತ್ರ ತಾನೇ ಬೇಕಿರುವುದು?

ನಮ್ಮ ಬೀದಿಯ ಬಡಗಿಯ ಹತ್ತಿರ ಹೋದೆ. ಚಿತ್ರ ತೋರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿ, "ಅಕ್ಕಾ, ಇದು ತಿರುಗಬೇಕಾ, ನಿಲ್ಲಬೇಕಾ?" ಅಂದರು.

"ಎರಡೂ. ಒಂದು ಬೆರಳಲ್ಲಿ ತಳ್ಳಿದರೆ ತಿರುಗಬೇಕು, ಕೈ ಬಿಟ್ಟ ಕಡೆ ನಿಲ್ಲಬೇಕು."

"ಹಂಗಾದ್ರೆ ಬೇರಿಂಗ್ ಬೇಡಕ್ಕಾ. ಅದು ನಿಲ್ಲೋದಿಲ್ಲ."

ಅವರು ಹೇಳಿದ್ದು ಸರಿ. ಡಾಬ್ಸನ್ ಪೆಟ್ಟಿಗೆಯ ಗುಟ್ಟೇ ಅದು. 18 ಎಂಎಂ ಪ್ಲೈವುಡ್, ಬುಡದ ಹಲಗೆಗೆ ಸನ್ಮೈಕಾ, ಅದರ ಮೇಲೆ ಜಾರಲು ಮೂರು ಟೆಫ್ಲಾನ್ ತುಂಡು, ನಡುವೆ ಒಂದು ಬೋಲ್ಟ್. ಟ್ಯೂಬ್ ಮೇಲೆ ಕೆಳಗೆ ಆಡಲು ಎರಡೂ ಬದಿಗೆ 4 ಇಂಚಿನ ಪಿವಿಸಿ ಪೈಪಿನ ಕ್ಯಾಪ್. ಅವು ಕೂರುವ ಗುಳಿಯಲ್ಲೂ ಟೆಫ್ಲಾನ್. ಟ್ಯೂಬ್ ಯಾವ ಕಡೆಗೂ ವಾಲದೆ ತೂಗಿ ನಿಲ್ಲುವ ಜಾಗ ಹುಡುಕುವುದಕ್ಕೇ ಒಂದು ಮಧ್ಯಾಹ್ನ ಹೋಯಿತು. ಐಪೀಸ್ ಬದಲಿಸಿದಾಗ ತೂಕ ಬದಲಾಗುತ್ತದೆ, ಅದಕ್ಕೆ ಮಧ್ಯಮ ತೂಕದ ಐಪೀಸ್ ಹಾಕಿಟ್ಟುಕೊಂಡು ಗುರುತು ಮಾಡಿ. ಸಾಮಾನು, ಕೂಲಿ ಎಲ್ಲ ಸೇರಿ ಮೂರು ಸಾವಿರದೊಳಗೆ ಮುಗಿಯಿತು.

ಅದೇ ರಾತ್ರಿ ಬೆರಳೇಟಿನ ಪರೀಕ್ಷೆ ಮಾಡಿದೆ. ಒಂದು ಸೆಕೆಂಡ್‌ನಲ್ಲಿ ನಿಂತಿತು.

ನಡುಕ ಹೋದ ಮೇಲೆ ಅದರ ಹಿಂದೆ ಅಡಗಿದ್ದ ದೋಷ ಕಂಡಿತು. ಒಂದು ನಕ್ಷತ್ರವನ್ನು ನೋಟದ ನಡುವೆ ಇಟ್ಟು ಫೋಕಸ್ ಸ್ವಲ್ಪ ಕೆಡಿಸಿದರೆ ಒಂದರೊಳಗೊಂದು ಬಳೆಗಳು ಕಾಣಬೇಕು. ನನ್ನದರಲ್ಲಿ ಎಲ್ಲ ಒಂದು ಬದಿಗೆ ಸರಿದಿದ್ದವು. ಕನ್ನಡಿಗಳ ನೇರ ತಪ್ಪಿತ್ತು. ಐಪೀಸ್ ಕೂರುವ ಜಾಗಕ್ಕೆ ಹೊಂದುವ ಒಂದು ಪ್ಲಾಸ್ಟಿಕ್ ಮುಚ್ಚಳದ ಸರಿಯಾದ ನಡುವಿನಲ್ಲಿ ಸಣ್ಣ ತೂತು ಕೊರೆದು, ಅದರೊಳಗಿಂದ ನೋಡುತ್ತಾ ಸ್ಕ್ರೂ ತಿರುಗಿಸಿ ಸರಿ ಮಾಡಿದೆ. ಇದಕ್ಕೆ ಒಂದು ಪೈಸೆ ಖರ್ಚಾಗಲಿಲ್ಲ. ಆ ವಾರ ಶನಿಯ ಉಂಗುರದಲ್ಲಿ ಕ್ಯಾಸಿನಿ ಬಿರುಕಿನ, ಅಂದರೆ ಉಂಗುರಗಳ ನಡುವಿನ ತೆರವಿನ, ಕಪ್ಪು ಗೆರೆ ಎರಡು ತುದಿಯಲ್ಲಿ ಕಂಡಿತು. ಅದೇ ಕನ್ನಡಿ, ಒಂದು ವರ್ಷದಿಂದ ನಾನು ಬೈಯುತ್ತಿದ್ದ ಕನ್ನಡಿ!

ಈಗ ಐಪೀಸ್ ಬಗ್ಗೆ ಯೋಚಿಸುವುದಕ್ಕೆ ಅರ್ಥ ಬಂತು. ನನ್ನ ಟೆಲಿಸ್ಕೋಪ್ ಡಬ್ಬದ ಮೇಲೆ 675 ಪಟ್ಟು ದೊಡ್ಡದು ಮಾಡುತ್ತದೆ ಎಂದು ಬರೆದಿತ್ತು. ಲೆಕ್ಕ ಸರಿಯೇ. ಫೋಕಲ್ ಲೆಂತ್ 900ನ್ನು 4 ಎಂಎಂ ಐಪೀಸಿನಿಂದ ಭಾಗಿಸಿದರೆ 225, ಅದಕ್ಕೆ ಚಿತ್ರವನ್ನು ಇನ್ನೂ 3 ಪಟ್ಟು ಹಿಗ್ಗಿಸುವ ಬಾರ್ಲೋ ಮಸೂರ. ಆದರೆ ಕನ್ನಡಿಯ ಅಗಲ ಮಿಲಿಮೀಟರಿನಲ್ಲಿ ಎಷ್ಟೋ ಅದರ ಎರಡರಷ್ಟು ಪಟ್ಟು ದಾಟಿದರೆ ಚಿತ್ರ ದೊಡ್ಡದಾಗುತ್ತದೆ, ವಿವರ ಬರುವುದಿಲ್ಲ. 114ಕ್ಕೆ ಅದು 228. ನಮ್ಮ ಸಿಮೆಂಟ್ ತಾರಸಿ ಹಗಲಿನ ಬಿಸಿಯನ್ನು ರಾತ್ರಿ ಬಿಡುತ್ತಿರುತ್ತದೆ, ಗಾಳಿ ಕುದಿಯುವ ನೀರಿನ ಹಾಗೆ ಆಡುತ್ತದೆ. ಅಲ್ಲಿ 150 ಪಟ್ಟು ಸಿಕ್ಕಿದ ರಾತ್ರಿಯೇ ಒಳ್ಳೆಯ ರಾತ್ರಿ.

ಹಾಗಾಗಿ ಒಂದೇ ಒಂದು ಐಪೀಸ್ ಕೊಂಡೆ. 9 ಎಂಎಂ, 66 ಡಿಗ್ರಿ ಅಗಲದ ನೋಟದ್ದು. 100 ಪಟ್ಟು ಕೊಡುತ್ತದೆ. ಇಡೀ ಚಂದ್ರ ಅದರಲ್ಲಿ ಹಿಡಿಸುತ್ತಾನೆ. ಹಳೆಯ 4 ಎಂಎಂನಲ್ಲಿ ಗುರು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಮುಕ್ಕಾಲು ನಿಮಿಷದಲ್ಲಿ ಜಾರಿಹೋಗುತ್ತಿದ್ದ. ಇದರಲ್ಲಿ ಎರಡೂವರೆ ನಿಮಿಷ ಇರುತ್ತಾನೆ. ಕೈಯಿಂದ ತಳ್ಳುವ ಟೆಲಿಸ್ಕೋಪಿಗೆ ಈ ವ್ಯತ್ಯಾಸ ಬಹಳ ದೊಡ್ಡದು. ಸೆಟ್‌ನಲ್ಲಿದ್ದ 32 ಎಂಎಂ ಜೊತೆಗಿತ್ತು. ಕೃತ್ತಿಕೆಯ ಗುಂಪು ಪೂರ್ತಿ ಅದರೊಳಗೆ ಕೂರುತ್ತದೆ. ಬಣ್ಣದ ಫಿಲ್ಟರ್ ಯಾವುದನ್ನೂ ಮತ್ತೆ ಮುಟ್ಟಲಿಲ್ಲ.

ಒಂದು ಎಚ್ಚರಿಕೆ. ನಿಮ್ಮ ಟೆಲಿಸ್ಕೋಪ್ ಜೊತೆ ಐಪೀಸಿಗೆ ತಿರುಗಿಸಿ ಹಾಕುವ ಚಿಕ್ಕ ಸೂರ್ಯನ ಫಿಲ್ಟರ್ ಬಂದಿದ್ದರೆ ದಯವಿಟ್ಟು ಇವತ್ತೇ ಒಡೆದು ಎಸೆಯಿರಿ. ಸೂರ್ಯನ ಬಿಸಿ ಒಟ್ಟುಗೂಡುವ ಜಾಗದಲ್ಲೇ ಅದು ಇರುತ್ತದೆ. ಬಿರುಕು ಬಿಟ್ಟರೆ ಕಣ್ಣು ಹೋಗುತ್ತದೆ. ಸೂರ್ಯನಿಗೆ ಫಿಲ್ಟರ್ ಯಾವಾಗಲೂ ಟ್ಯೂಬಿನ ಬಾಯಿಗೆ ಕಟ್ಟುವಂಥದ್ದೇ ಇರಬೇಕು.

ಕೊನೆಯ ಪರೀಕ್ಷೆ ಆಕಾಶದ್ದು. ಒಂದು ಏಪ್ರಿಲ್ ಕೊನೆಯ ಅಮಾವಾಸ್ಯೆಗೆ ಪೆಟ್ಟಿಗೆ ಸಮೇತ ಪಾವಗಡದ ಕಡೆಯ ತವರಿಗೆ ಹೋದೆ. ರಾತ್ರಿ 11ರ ಸುಮಾರಿಗೆ ದಕ್ಷಿಣದಲ್ಲಿ, ದಿಗಂತದಿಂದ 28 ಡಿಗ್ರಿ ಮೇಲೆ, ಒಮೆಗಾ ಸೆಂಟಾರಿ ಅನ್ನುವ ನಕ್ಷತ್ರಗಳ ಗುಂಪು. ಲಂಡನ್ನಿನವರಿಗೆ ಇದು ದಿಗಂತದ ಮೇಲೆ ಬರುವುದೇ ಇಲ್ಲ. ತುಮಕೂರಿನ ತಾರಸಿಯಿಂದ ಒರೆಸಿದ ಸೀಮೆಸುಣ್ಣದ ಗುರುತಿನ ಹಾಗೆ ಕಾಣುತ್ತಿತ್ತು. ಅಲ್ಲಿ 9 ಎಂಎಂ ಹಾಕಿದಾಗ ಅಂಚು ಪೂರ್ತಿ ರವೆ ಚೆಲ್ಲಿದ ಹಾಗೆ ಬಿಡಿಬಿಡಿಯಾಯಿತು. ಸುಮ್ನೆ ನೋಡುತ್ತಾ ಕೂತೆ. ಅಮ್ಮನನ್ನೂ ಎಬ್ಬಿಸಿ ಕರೆದುಕೊಂಡು ಬಂದೆ. ಅಮ್ಮ ನೋಡಿ, "ಇವೆಲ್ಲ ಇಷ್ಟು ದಿನ ಇಲ್ಲೇ ಇದ್ವಾ?" ಅಂದರು. ಸುಮಾರು 17 ಸಾವಿರ ಜ್ಯೋತಿರ್ವರ್ಷ ದೂರ ಅಂತ ನಾನು ಹೇಳಿದ್ದು ಅವರಿಗೆ ಕೇಳಿಸಲಿಲ್ಲ. ಮತ್ತೆ ಬಗ್ಗಿ ನೋಡುತ್ತಿದ್ದರು.

ಇಷ್ಟಾದ ಮೇಲೂ ನೋಟ್‌ಬುಕ್‌ನಲ್ಲಿ ಕೆಲವು ಸಾಲು ಉಳಿದವು. ಹಳ್ಳಿಯ ಕತ್ತಲಲ್ಲೂ ಗ್ಯಾಲಕ್ಸಿಗಳು ಬರೀ ಮಬ್ಬು ಚುಕ್ಕೆ. ಒಮೆಗಾ ಸೆಂಟಾರಿಯ ನಡುಭಾಗ ಬಿಡಿಯಾಗಲಿಲ್ಲ. ಇವಕ್ಕೆ ಐಪೀಸಿನಲ್ಲಿ ಉತ್ತರ ಇಲ್ಲ, ಬೆಳಕೇ ಜಾಸ್ತಿ ಬೇಕು. ಬೆಳಕು ಕನ್ನಡಿಯ ಅಗಲದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. 114ರಿಂದ 130ಕ್ಕೆ ಹೋದರೆ 1.3 ಪಟ್ಟು, 150ಕ್ಕೆ 1.7 ಪಟ್ಟು, 200ಕ್ಕೆ ಮೂರು ಪಟ್ಟು. 130ರದ್ದು ಕೊಂಡರೆ ಹಣ ಖರ್ಚು, ಕಣ್ಣಿಗೆ ವ್ಯತ್ಯಾಸ ಕಡಿಮೆ. ಬದಲಿಸುವುದಾದರೆ 200ಕ್ಕೇ ಅಂತ ತೀರ್ಮಾನಿಸಿ, ಹಣ ಕೂಡಿಸುತ್ತಾ ಎರಡು ವರ್ಷ ಕಾದೆ.

8 ಇಂಚಿನದು ಈಗ ಮನೆಯಲ್ಲಿದೆ. ಎರಡು ಮಹಡಿ ಹತ್ತಿಸಲು ಎರಡು ಸಲ ಓಡಾಡಬೇಕು, ಟ್ಯೂಬಿಗೆ ಒಂದು ಸಲ, ಬುಡಕ್ಕೆ ಒಂದು ಸಲ. 9 ಎಂಎಂ ಅದರಲ್ಲಿ 133 ಪಟ್ಟು ಕೊಡುತ್ತದೆ, 32 ಎಂಎಂ ಸುಮಾರು 37. ಹೊಸ ಐಪೀಸ್ ಇನ್ನೂ ಬೇಕಾಗಿಲ್ಲ. 114 ಮಾರಲಿಲ್ಲ. ಪ್ಲೈವುಡ್ ಪೆಟ್ಟಿಗೆಯ ಸಮೇತ ಮೆಟ್ಟಿಲ ಪಕ್ಕದಲ್ಲೇ ಇದೆ. ವಾರದ ದಿನ ಮಗ ಟ್ಯೂಷನ್ ಮುಗಿಸಿ ಬಂದು "ಅಮ್ಮಾ, ಹತ್ತು ನಿಮಿಷ ಗುರು ನೋಡೋಣ್ವಾ?" ಅಂದಾಗ ಅದನ್ನು ಅವನೇ ಒಂದು ಕೈಯಲ್ಲಿ ಎತ್ತಿಕೊಂಡು ಮೇಲೆ ಹೋಗುತ್ತಾನೆ.