ದಿನದ ಓಡಾಟಕ್ಕೆ ಯಾವ ಬೈಕ್? ಬಿಸಿಲು, ಧೂಳು, ಎರೆಮಣ್ಣಿನ ಊರಿನವರು ಆರಿಸುವುದು ಹೀಗೆ

ರಾಯಚೂರಿನಿಂದ ಶಕ್ತಿನಗರಕ್ಕೆ, ಬಳ್ಳಾರಿಯಿಂದ ತೋರಣಗಲ್ಲಿಗೆ, ಕೊಪ್ಪಳದಿಂದ ಗಿಣಿಗೇರಾಕ್ಕೆ ದಿನಾ ಬೈಕಿನ ಮೇಲೆ ಕೆಲಸಕ್ಕೆ ಹೋಗಿ ಬರುವವರು ಬಹಳ ಮಂದಿ. ಶಿಫ್ಟಿನ ಹೊತ್ತಿಗೆ ಗಾಡಿ ಕೈಕೊಟ್ಟರೆ ಆ ದಿನದ ಪಗಾರಕ್ಕೇ ಕತ್ತರಿ. ಹೀಗಿದ್ದೂ ಹೊಸ ಗಾಡಿ ಕೊಳ್ಳುವಾಗ ನಾವು ಬಣ್ಣ ನೋಡುತ್ತೇವೆ, ಮೀಟರ್ ನೋಡುತ್ತೇವೆ. ಓಡಿಸಬೇಕಾದ ದಾರಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಲಕ್ಷ ರೂಪಾಯಿಯ ಆಸುಪಾಸಿನ ಬಜೆಟ್ಟಿನಲ್ಲಿ ಗಾಡಿ ಹುಡುಕುವವರು ಮೊದಲು ಆ ದಾರಿಯ ಲೆಕ್ಕ ಹಾಕಬೇಕು.

ಶೋರೂಮಿಗೆ ಮೊದಲು ಕಾಗದ, ಪೆನ್ನು

ದಿನಕ್ಕೆ ಎಷ್ಟು ಕಿಲೋಮೀಟರ್ ಎಂದು ಬರೆದುಕೊಳ್ಳಿ. ರಾಯಚೂರಿನಿಂದ ಶಕ್ತಿನಗರ ಸುಮಾರು 20 ಕಿ.ಮೀ. ಹೋಗಿ ಬರಲು 40. ತಿಂಗಳಿಗೆ 25 ದಿನ ಹಿಡಿದರೆ 1,000 ಕಿ.ಮೀ. ಲೀಟರಿಗೆ 65 ಕಿ.ಮೀ. ಕೊಡುವ ಗಾಡಿಗೆ ತಿಂಗಳಿಗೆ ಹದಿನೈದೂವರೆ ಲೀಟರ್ ಪೆಟ್ರೋಲ್ ಸಾಕು; 50 ಕೊಡುವ ಗಾಡಿಗೆ 20 ಲೀಟರ್ ಬೇಕು. ಲೀಟರಿಗೆ ನೂರೇ ರೂಪಾಯಿ ಎಂದು ಹಿಡಿದರೂ ತಿಂಗಳಿಗೆ 450 ರೂಪಾಯಿ ವ್ಯತ್ಯಾಸ, ಐದು ವರ್ಷಕ್ಕೆ 27 ಸಾವಿರ. ಶೋರೂಮಿನಲ್ಲಿ ಎರಡು ಸಾವಿರದ ರಿಯಾಯಿತಿಗಾಗಿ ಗಂಟೆಗಟ್ಟಲೆ ಚೌಕಾಸಿ ಮಾಡುವವರು ಈ ಲೆಕ್ಕವನ್ನು ಒಮ್ಮೆ ಹಾಕಲೇಬೇಕು. ದಿನಕ್ಕೆ ಹತ್ತು ಕಿ.ಮೀ. ಮಾತ್ರ ಓಡಾಡುವವರಿಗೆ ಮೈಲೇಜಿನ ಚಿಂತೆ ಅಷ್ಟು ಬೇಡ. ಅವರು ಸೀಟು, ಬ್ರೇಕು ನೋಡಿ ತೆಗೆದುಕೊಂಡರೂ ನಡೆಯುತ್ತದೆ.

ಕಂಪನಿ ಹೇಳುವ ಮೈಲೇಜನ್ನು ಹಾಗೇ ನಂಬಬೇಡಿ. ಅದೇ ಗಾಡಿಯನ್ನು ನಿಮ್ಮದೇ ದಾರಿಯಲ್ಲಿ ಎರಡು ವರ್ಷ ಓಡಿಸಿದವರನ್ನು ಕೇಳಿ.

100 ಸಿಸಿಯೋ, 125 ಸಿಸಿಯೋ

ಊರೊಳಗೆ, ಪಕ್ಕದ ಹಳ್ಳಿಗೆ ಒಬ್ಬರೇ ಓಡಾಡುವುದಾದರೆ 100 ಸಿಸಿ ಧಾರಾಳ. ಹೀರೊ ಸ್ಪ್ಲೆಂಡರ್, ಹೋಂಡಾ ಶೈನ್ 100, ಬಜಾಜ್ ಪ್ಲಾಟಿನಾ, ಟಿವಿಎಸ್ ಸ್ಪೋರ್ಟ್ 100–110 ಸಿಸಿಯ ಈ ಸಾಲಿನವು. ಬಳ್ಳಾರಿ–ತೋರಣಗಲ್ಲು ಹೆದ್ದಾರಿಯ ಮಾತು ಬೇರೆ. ಅದಿರು, ಉಕ್ಕು ಹೊತ್ತ ಲಾರಿಗಳ ನಡುವೆ, ಅದೂ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಹೋಗುವಾಗ, ಲಾರಿಯನ್ನು ಬೇಗ ದಾಟಿ ಮುಂದೆ ಹೋಗುವಷ್ಟು ಕಸುವು ಗಾಡಿಗಿರಬೇಕು. ಅಲ್ಲಿ ನನ್ನ ಮತ 125 ಸಿಸಿಗೆ, ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇರುವುದಕ್ಕೆ. ತೂಕವನ್ನೂ ನೋಡಿ. ಶೈನ್ 100 ನೂರು ಕೆ.ಜಿ.ಯೊಳಗಿದೆ, ಮನೆಮುಂದಿನ ಇಕ್ಕಟ್ಟಿನಲ್ಲಿ ತಿರುಗಿಸಲು ಹಗುರ. ಆದರೆ ಎದುರಿನಿಂದ ದೊಡ್ಡ ಲಾರಿ ಬೀಸಿಕೊಂಡು ಹೋದಾಗ ಹಗುರ ಗಾಡಿ ಅಲುಗಾಡುವುದು ಹೆಚ್ಚು.

ಸ್ಕೂಟರ್ ಬೇಕೆನ್ನುವವರಿಗೆ ಒಂದು ಮಾತು: ಸ್ಕೂಟರಿನ ಗಾಲಿ ಸಾಮಾನ್ಯವಾಗಿ 10ರಿಂದ 12 ಇಂಚು, ಬೈಕಿನದು 17 ಅಥವಾ 18. ಗುಂಡಿ ಬಿದ್ದ ಹಳ್ಳಿ ರಸ್ತೆಯಲ್ಲಿ ಈ ವ್ಯತ್ಯಾಸ ನಿಮ್ಮ ಸೊಂಟಕ್ಕೆ ಗೊತ್ತಾಗುತ್ತದೆ.

ಧೂಳು, ಕೆಸರು

ನಮ್ಮ ಕಡೆ ಗಾಡಿಯ ಆಯುಷ್ಯ ತಿನ್ನುವುದು ಇವೆರಡೇ. ಸಂಡೂರಿನ ಕಡೆ ಓಡಾಡುವವರಿಗೆ ಕೆಂಪು ಅದಿರಿನ ಧೂಳು. ಸಿಂಧನೂರು, ಮಾನ್ವಿ ಕಡೆಯವರಿಗೆ ಮಳೆ ಬಿದ್ದ ಮೇಲಿನ ಎರೆಮಣ್ಣು.

ಶೋರೂಮಿನಲ್ಲಿ ಮೊಣಕಾಲೂರಿ ಕೂತು ಎರಡು ಜಾಗ ನೋಡಿ. ಒಂದು, ಚೈನು. ಪೂರ್ತಿ ಮುಚ್ಚಿದ ಚೈನ್ ಕವರ್ ಇರುವ ಗಾಡಿ ನೋಡಲು ಹಳೇ ಕಾಲದ್ದು ಅನ್ನಿಸಬಹುದು. ಆದರೆ ಕವರ್ ಇಲ್ಲದ ಚೈನಿಗೆ ಹಾಕಿದ ಎಣ್ಣೆಗೆ ಧೂಳು ಮೆತ್ತಿಕೊಂಡು, ಚೈನು ಕೂರುವ ಹಲ್ಲಿನ ಚಕ್ರವಾದ ಸ್ಪ್ರಾಕೆಟ್ಟಿನ ಹಲ್ಲನ್ನು ಅರೆಯುತ್ತದೆ. ಚೈನ್, ಸ್ಪ್ರಾಕೆಟ್ ಎರಡನ್ನೂ ಬೇಗ ಬದಲಿಸಬೇಕಾಗುತ್ತದೆ. ಇನ್ನೊಂದು, ಮುಂದಿನ ಮಡ್‌ಗಾರ್ಡಿಗೂ ಟೈರಿಗೂ ನಡುವಿನ ಸಂದು. ಅಲ್ಲಿ ಎರಡು ಬೆರಳಾದರೂ ಸಲೀಸಾಗಿ ಹೋಗಬೇಕು. ಇಲ್ಲದಿದ್ದರೆ ಎರೆಮಣ್ಣು ಅಲ್ಲಿ ತುಂಬಿಕೊಂಡು ಗಾಲಿಯೇ ತಿರುಗದಂತೆ ಹಿಡಿಯುತ್ತದೆ. ಆಮೇಲೆ ಹೊಲದ ಬದುವಿನಲ್ಲಿ ಗಾಡಿ ನಿಲ್ಲಿಸಿ ಕಡ್ಡಿಯಿಂದ ಮಣ್ಣು ಕೀಳುತ್ತಾ ಕೂರಬೇಕು.

ಏರ್ ಫಿಲ್ಟರ್ ಯಾವ ಬಗೆಯದೆಂದು ಕೇಳಿ. ಸ್ಪಂಜಿನದಾದರೆ ತೊಳೆದು ಎಣ್ಣೆ ಹಾಕಿ ಮತ್ತೆ ಕೂರಿಸಬಹುದು. ಎಣ್ಣೆ ಲೇಪಿಸಿದ ಕಾಗದದ್ದಾದರೆ ಗಾಳಿ ಊದಿ ಶುಚಿ ಮಾಡುವಂತಿಲ್ಲ, ಬದಲಿಸಲೇಬೇಕು. ಧೂಳಿನ ದಾರಿಯವರು ಪುಸ್ತಕದಲ್ಲಿ ಬರೆದ ಕಿಲೋಮೀಟರಿಗಿಂತ ಮೊದಲೇ ಬದಲಿಸಬೇಕು. ಟೈರು ಟ್ಯೂಬ್‌ಲೆಸ್ ಇದ್ದರೆ ಒಳ್ಳೆಯದು. ಮೊಳೆ ಚುಚ್ಚಿದರೂ ಗಾಳಿ ನಿಧಾನಕ್ಕೆ ಇಳಿಯುವುದರಿಂದ, ಏಪ್ರಿಲ್ ಬಿಸಿಲಲ್ಲಿ ಗಾಡಿ ತಳ್ಳದೆ ಪಂಕ್ಚರ್ ಅಂಗಡಿ ಮುಟ್ಟಬಹುದು.

ನಿಮ್ಮ ಊರಿನ ಮೆಕ್ಯಾನಿಕ್ಕನ್ನು ಕೇಳದೆ ಗಾಡಿ ಗೊತ್ತು ಮಾಡಬೇಡಿ. "ಅಣ್ಣಾ, ಈ ಗಾಡಿ ಸಾಮಾನು ಇಲ್ಲೇ ಸಿಗ್ತಾವೇನ್ರಿ? ಇಂಜೆಕ್ಷನ್ ಗಾಡಿ ಚೆಕ್ ಮಾಡೋ ಸ್ಕ್ಯಾನರ್ ಐತೇನ್ರಿ ನಿಮ್ಮತ್ರ?" ಎಂದು ಕೇಳಿ. 2020ರ ಏಪ್ರಿಲ್ 1ರಿಂದ ಬಿಎಸ್-6 ಎಂಬ ಹೊಗೆ ನಿಯಮ ಬಂದ ಮೇಲೆ ಹೆಚ್ಚಿನ ಹೊಸ ಬೈಕುಗಳಲ್ಲಿ ಕಾರ್ಬುರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂದಿದೆ. ಬ್ಯಾಟರಿ ಪೂರ್ತಿ ಸತ್ತರೆ ಕಿಕ್ ಹೊಡೆದರೂ ಇವು ಸ್ಟಾರ್ಟ್ ಆಗುವುದು ಕಷ್ಟ.

ಆನ್‌ರೋಡ್ ಬೆಲೆ, ಸಾಲದ ಬಡ್ಡಿ

2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ದ್ವಿಚಕ್ರ ವಾಹನಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಆದರೂ ಎಕ್ಸ್‌ಶೋರೂಂ ಬೆಲೆಯ ಮೇಲೆ ಜೀವಿತಾವಧಿ ತೆರಿಗೆ, ನೋಂದಣಿ, ವಿಮೆ ಸೇರುತ್ತವೆ. ಬಾಬ್ತುವಾರು ಬರೆದ ಕೊಟೇಶನ್ ಕೇಳಿ. "ಹ್ಯಾಂಡ್ಲಿಂಗ್" ಎಂದು ಬರೆದಿದ್ದರೆ ಏತಕ್ಕೆಂದು ಕೇಳಿ, ತೆಗೆಸಿ. ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ (ಅಪಘಾತದಲ್ಲಿ ಎದುರಿನವರಿಗೆ ಆದ ನಷ್ಟ ತುಂಬುವುದು) ಕಡ್ಡಾಯ. ಅದನ್ನು ಶೋರೂಮಿನಲ್ಲೇ ಮಾಡಿಸಬೇಕೆಂದಿಲ್ಲ. ಗಾಡಿಯ ಜೊತೆ ಐಎಸ್‌ಐ ಗುರುತಿನ ಹೆಲ್ಮೆಟ್ ಕೊಡಬೇಕೆಂಬ ನಿಯಮವೂ ಇದೆ, ಬಿಡಬೇಡಿ.

ಸಾಲದ ಮಾತು ಇನ್ನೂ ಮುಖ್ಯ. "ಬರೀ ಹತ್ತು ಪರ್ಸೆಂಟ್ ಸರ್" ಎಂದರೆ ಅದು ಫ್ಲಾಟ್ ದರವೋ, ಕಂತು ಕಟ್ಟಿದಂತೆ ಇಳಿಯುವ ದರವೋ ಎಂದು ಕೇಳಿ. 80 ಸಾವಿರಕ್ಕೆ ಮೂರು ವರ್ಷ, ಶೇ 10 ಫ್ಲಾಟ್ ಎಂದರೆ ಬಡ್ಡಿಯೇ 24 ಸಾವಿರ. ಅಸಲು ತಿಂಗಳು ತಿಂಗಳು ತೀರುತ್ತಾ ಬಂದರೂ ಬಡ್ಡಿ ಮಾತ್ರ ಪೂರ್ತಿ 80 ಸಾವಿರದ ಮೇಲೇ ಬೀಳುತ್ತದೆ. ಬ್ಯಾಂಕಿನ ಲೆಕ್ಕದಲ್ಲಿ ಇದು ಹೆಚ್ಚುಕಡಿಮೆ ಶೇ 18 ಆಯಿತು. ಕಂತು ಎಷ್ಟು ಎನ್ನುವುದರ ಜೊತೆಗೆ, ಕೊನೆಗೆ ಒಟ್ಟು ಎಷ್ಟು ಕಟ್ಟುತ್ತೇನೆ ಎಂದು ಬರೆಸಿಕೊಳ್ಳಿ.

ಸೆಕೆಂಡ್ ಹ್ಯಾಂಡ್ ಆದರೆ

ಮುಂಜಾನೆ, ಹೇಳದೆ ಹೋಗಿ. ಮೊದಲು ಇಂಜಿನ್ ಮೇಲೆ ಅಂಗೈ ಇಟ್ಟು ನೋಡಿ. ಆಗಲೇ ಬಿಸಿ ಇದ್ದರೆ, ತಣ್ಣಗಿದ್ದಾಗ ಸ್ಟಾರ್ಟ್ ಆಗಲು ತಕರಾರಿರಬಹುದು ಎಂದು ಅನುಮಾನಿಸಿ. ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತಿದ್ದರೆ ಇಂಜಿನ್ ಆಯಿಲ್ ಸುಡುತ್ತಿದೆ ಎಂದರ್ಥ, ಅಂಥದ್ದು ಬೇಡ. ಹಿಂದಿನ ಸ್ಪ್ರಾಕೆಟ್ಟಿನ ಹಲ್ಲು ಮೊಂಡಾಗಿರದೆ ಮುಳ್ಳಿನಂತೆ ಚೂಪಾಗಿ ಬಾಗಿದ್ದರೆ ಚೈನ್ ಸೆಟ್ ಖರ್ಚು ನಿಮ್ಮ ತಲೆಗೆ ಬರುತ್ತದೆ. ಅಷ್ಟನ್ನು ಬೆಲೆಯಲ್ಲಿ ಇಳಿಸಿ. ಮುಂದಿನ ಫೋರ್ಕಿನ ಕೊಳವೆಗೆ ಎಣ್ಣೆ ಒಸರಿ ಧೂಳು ಅಂಟಿದ್ದರೆ ಸೀಲು ಹೋಗಿದೆ.

ಗಡಿಯ ನಮಗೆ ಇನ್ನೊಂದು ತೊಡಕಿದೆ. ಆದೋನಿ, ಗುಂತಕಲ್, ಗದ್ವಾಲ ಕಡೆಯ ಗಾಡಿ ಅಗ್ಗಕ್ಕೆ ಸಿಗುತ್ತದೆಂದು ಕೊಳ್ಳುತ್ತೇವೆ. ಆದರೆ ಆ ರಾಜ್ಯದ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಬೇಕು, ಇಲ್ಲಿ ತೆರಿಗೆ ಕಟ್ಟಿ ಕೆಎ 34, 36 ಅಥವಾ 37ರ ನಂಬರಿಗೆ ಬದಲಿಸಬೇಕು. ಆ ಖರ್ಚು, ಓಡಾಟ ಸೇರಿಸಿದರೆ ಅಗ್ಗದ ಗಾಡಿ ಅಗ್ಗವಾಗಿ ಉಳಿಯುವುದು ಅಪರೂಪ. ಗಾಡಿ ಎಲ್ಲಿಯದೇ ಇರಲಿ, ಆರ್‌ಸಿಯ ಮೇಲೆ ಫೈನಾನ್ಸ್ ಕಂಪನಿಯ ಹೆಸರಿದ್ದರೆ ಸಾಲ ತೀರಿದ ಪತ್ರ ಕೈಗೆ ಬರುವವರೆಗೆ ಮುಂಗಡ ಕೊಡಬೇಡಿ. ಚಾಸಿ ನಂಬರನ್ನು ನೀವೇ ಓದಿ ಆರ್‌ಸಿಯ ಜೊತೆ ತಾಳೆ ನೋಡಿ. ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡು ವಾರದೊಳಗೆ ಹೆಸರು ಬದಲಾವಣೆಗೆ ಕೊಡಿ. ಹಳೇ ಮಾಲೀಕರ ಹೆಸರಿನಲ್ಲೇ ಓಡಿಸುತ್ತಿದ್ದು ಅಪಘಾತವಾದರೆ ವಿಮೆಯ ತಕರಾರು ಇಬ್ಬರನ್ನೂ ಸುತ್ತಿಕೊಳ್ಳುತ್ತದೆ.

ಹೊಸ ಗಾಡಿ ಕೈಗೆ ಬಂದ ಮೇಲೆ ಕಂಪನಿಯ ಪುಸ್ತಕದಲ್ಲಿರುವ ಮೊದಲ ಸರ್ವಿಸ್ ತಪ್ಪಿಸಬೇಡಿ. ಹೊಸ ಇಂಜಿನ್ನಿನ ಲೋಹದ ಪುಡಿಯೆಲ್ಲ ಆ ಮೊದಲ ಆಯಿಲ್ ಜೊತೆಗೇ ಹೊರಹೋಗಬೇಕು. ಟೈರಿನ ಗಾಳಿಯನ್ನು ವಾರಕ್ಕೊಮ್ಮೆ, ಬೆಳಿಗ್ಗೆ ಗಾಡಿ ಓಡಿಸುವ ಮೊದಲೇ ಹಿಡಿಸಿ ನೋಡಿ.