ನಾಟಿ ಹಂದಿಗೆ ಸುಣ್ಣದ ಅಂಶ: ಹಿಡಿ ಲೆಕ್ಕ ಬಿಡಿ, ತಕ್ಕಡಿ ತನ್ನಿ

"ಬಯಲಲ್ಲಿ ಮೇಯೋ ಹಂದಿಗೆ ಏನಾಗುತ್ತೆ ಸ್ವಾಮಿ, ಎಲ್ಲಾ ತಿನ್ನುತ್ತೆ" ಅನ್ನುವುದನ್ನು ಮಂಡ್ಯ, ಮದ್ದೂರು ಕಡೆ ಎಷ್ಟು ಸಲ ಕೇಳಿದ್ದೇನೋ. ಅಂಥದ್ದೇ ಒಂದು ದೊಡ್ಡಿಯಲ್ಲಿ, ಮರಿ ಬಿಡಿಸಿದ ವಾರಕ್ಕೇ ತಾಯಿ ಹಂದಿ ನಾಯಿಯ ಹಾಗೆ ಕುಂಡಿ ಊರಿ ಕೂತಿತ್ತು. ಎಬ್ಬಿಸಿದರೆ ಹಿಂಗಾಲು ನಿಲ್ಲಲಿಲ್ಲ. ಆ ಮನೆಯಲ್ಲಿ ಮೇವಿಗೆ ಬರವಿರಲಿಲ್ಲ. ರೈಸ್ ಮಿಲ್ಲಿನ ತೌಡು ಮೂಟೆಗಟ್ಟಲೆ ಇತ್ತು. ತೊಂದರೆ ಅಲ್ಲೇ ಇದ್ದದ್ದು: ತೌಡಿನಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ತೀರಾ ಕಡಿಮೆ.

ಮೊದಲು ಬಿಸಿಲು. ಹೊರಗೆ ಓಡಾಡುವ ಹಂದಿಗೆ ಡಿ ವಿಟಮಿನ್ ಚರ್ಮದಲ್ಲೇ ತಯಾರಾಗುತ್ತದೆ, ಸೂಜಿ ಬೇಕಿಲ್ಲ. ಆದರೆ ಬಿಸಿಲು ಸುಣ್ಣ ಕೊಡಲ್ಲ. ತಿಂದದ್ದರಲ್ಲಿ ಇರುವುದನ್ನು ಮೈಗೆ ಹತ್ತಿಸುತ್ತದೆ, ಅಷ್ಟೆ.

ಎರಡನೆಯದು ಮಿಶ್ರಣ. ಎಲ್ಲರೂ ಎಡವುವುದು ಇಲ್ಲೇ. ಒಂದು ಕೆಜಿ ತೌಡಿನಲ್ಲಿ ರಂಜಕ (ಫಾಸ್ಫರಸ್) ಸುಮಾರು 15 ಗ್ರಾಂ, ಸುಣ್ಣದ ಅಂಶ ಒಂದು ಗ್ರಾಮಿನ ಆಸುಪಾಸು. ಆ ರಂಜಕದಲ್ಲೂ ಬಹುಪಾಲು ಹಂದಿಯ ಹೊಟ್ಟೆಗೆ ಬಿಡಿಸಲಾಗದ ರೂಪದಲ್ಲಿರುತ್ತದೆ. ಬೆಳೆಯುವ ಹಂದಿಗೆ ಮೇವಿನ ಒಂದು ಕೆಜಿಗೆ ಏಳು ಗ್ರಾಂ ಸುಣ್ಣದ ಅಂಶವಾದರೂ ಬೇಕು. ಸಿಗದಿದ್ದರೆ ರಕ್ತ ಅದನ್ನು ಮೂಳೆಯಿಂದಲೇ ತೆಗೆದುಕೊಳ್ಳುತ್ತದೆ. ಹಾಗಾಗಿ ಹೊರಗಡೆಗೆ ಎಷ್ಟೋ ದಿನ ಏನೂ ಕಾಣಿಸುವುದಿಲ್ಲ.

ನಾನು ಹೇಳುವ ಲೆಕ್ಕ ಇದು: ಮುಸುಕಿನ ಜೋಳದ ನುಚ್ಚು 5 ಕೆಜಿ, ತೌಡು 3 ಕೆಜಿ, ಕಡಲೆಕಾಯಿ ಹಿಂಡಿ 2 ಕೆಜಿ. ಇದಕ್ಕೆ ಮೇವಿಗೆಂದೇ ಮಾರುವ ಸುಣ್ಣದಕಲ್ಲಿನ ಪುಡಿ 150 ಗ್ರಾಂ, ಸುಣ್ಣದ ಅಂಶ, ರಂಜಕ ಎರಡೂ ಇರುವ ಡೈಕ್ಯಾಲ್ಸಿಯಂ ಫಾಸ್ಫೇಟ್ ಪುಡಿ 50 ಗ್ರಾಂ, ಉಪ್ಪು 30 ಗ್ರಾಂ. ತೂಗಿಯೇ ಹಾಕಿ. "ಒಂದು ಹಿಡಿ" ಅಂದರೆ ನಿಮ್ಮ ಕೈಗೂ ನಿಮ್ಮ ಮಗನ ಕೈಗೂ ಎಷ್ಟು ವ್ಯತ್ಯಾಸ! ಜಾಸ್ತಿ ಸುರಿದರೂ ಕಷ್ಟವೇ. ಸುಣ್ಣ ಅತಿಯಾದರೆ ಸತು (ಜಿಂಕ್) ಮೈಗೆ ಹತ್ತುವುದಿಲ್ಲ, ಚರ್ಮ ಹೊಪ್ಪಳೆ ಕಟ್ಟುತ್ತದೆ. ಅದನ್ನು ಕಜ್ಜಿ ಅಂದುಕೊಂಡು ಬೇವಿನೆಣ್ಣೆ ಹಚ್ಚುತ್ತಾ ಕೂರುವವರಿದ್ದಾರೆ.

ಪುಡಿಗಳನ್ನು ಮೊದಲು ಒಂದು ಕೆಜಿ ತೌಡಿನಲ್ಲಿ ಒಣಗಿದ್ದಂತೆಯೇ ಬೆರೆಸಿ. ಆಮೇಲೆ ಉಳಿದದ್ದಕ್ಕೆ ಕಲಸಿ. ಹಾಕುವ ಹೊತ್ತಿಗೆ ನೀರು ಚಿಮುಕಿಸಿ ಉಂಡೆಯಾಗುವಷ್ಟು ಹದ ಮಾಡಿ. ನೀರು ನೀರಾದ ಮುಸುರೆಗೆ ಸುರಿದರೆ ಕಲ್ಲುಪುಡಿ ಬಾನಿಯ ತಳಕ್ಕೆ ಇಳಿಯುತ್ತದೆ, ಹಂದಿ ಮೇಲಿನದನ್ನು ಕುಡಿದು ಹೋಗುತ್ತದೆ.

ಎಲೆಯಡಿಕೆ ಸುಣ್ಣ, ಗೋಡೆ ಸುಣ್ಣ ಎರಡೂ ಬೇಡ, ಬಾಯಿ ಸುಡುತ್ತವೆ. ಬೇಕರಿಯ ಮೊಟ್ಟೆ ಚಿಪ್ಪು ಸಿಕ್ಕರೆ ಕುದಿಸಿ, ಒಣಗಿಸಿ, ನುಣ್ಣಗೆ ಬೀಸಿ ಕಲ್ಲುಪುಡಿಯ ಬದಲು ಹಾಕಬಹುದು. ಹಸುವಿಗೆ ತರುವ ಬಣ್ಣದ ಕ್ಯಾಲ್ಸಿಯಂ ಟಾನಿಕ್ ಮಾತ್ರ ದುಡ್ಡು ದಂಡ. ದಿನಕ್ಕೆ ನಾಲ್ಕು ಕೆಜಿ ತಿನ್ನುವ, ಹಾಲೂಡುವ ಹಂದಿಗೆ ಬೇಕಾದದ್ದು 30 ಗ್ರಾಂ ಸುಣ್ಣದ ಅಂಶ. ಎರಡು ಮುಚ್ಚಳ ಟಾನಿಕ್ ಯಾವ ಮೂಲೆಗೆ?

ಸೊಪ್ಪು ಹಾಕಿ, ಒಳ್ಳೆಯದು. ನುಗ್ಗೆ, ಅಗಸೆ ಸೊಪ್ಪಾದರೆ ಇನ್ನೂ ಒಳ್ಳೆಯದು. ಸಂತೆಯಲ್ಲಿ ಉಳಿದ ಪಾಲಕ್, ದಂಟನ್ನು ರಾಶಿ ಸುರಿಯಬೇಡಿ, ಅದರಲ್ಲಿನ ಆಕ್ಸಲೇಟ್ ಸುಣ್ಣವನ್ನು ಕಟ್ಟಿಹಾಕುತ್ತದೆ. ರಾಗಿಯಲ್ಲಿ ಅಕ್ಕಿಗಿಂತ ಎಷ್ಟೋ ಪಟ್ಟು ಸುಣ್ಣದ ಅಂಶ ಇದೆ, ನಿಜ. ಆದರೂ ಕೆಜಿಗೆ ಮೂರೂವರೆ ಗ್ರಾಂ ಅಷ್ಟೆ. ರಾಗಿ ನುಚ್ಚು ಹಾಕುತ್ತೇವೆಂದು ಕಲ್ಲುಪುಡಿ ಬಿಡಬೇಡಿ.

ಹೋಟೆಲ್ ಮುಸುರೆಯನ್ನು ಅರ್ಧ ಗಂಟೆ ಕುದಿಸದೆ ಹಾಕಬೇಡಿ. 2020ರಲ್ಲಿ ಅಸ್ಸಾಂ, ಅರುಣಾಚಲದಲ್ಲಿ ಕಾಣಿಸಿಕೊಂಡ ಆಫ್ರಿಕನ್ ಹಂದಿ ಜ್ವರ ಎಂಜಲಿನ ಮಾಂಸದ ಚೂರಿನಿಂದಲೂ ಹರಡುತ್ತದೆ. ಮುಸುರೆಯಲ್ಲಿ ಉಪ್ಪೂ ಜಾಸ್ತಿ, ಹಾಗಾಗಿ ಅದನ್ನು ಹಾಕುವವರು ಮಿಶ್ರಣದ ಉಪ್ಪು ಬಿಟ್ಟುಬಿಡಿ. ಕುಡಿಯುವ ನೀರು ಸದಾ ಇರಲಿ.

ಮರಿ ಹಾಕಿದ ಮೇಲೆ ಮಿಶ್ರಣದಲ್ಲಿ ಸುಣ್ಣದ ಪಾಲು ಹೆಚ್ಚಿಸಬೇಡಿ, ಅದೇ ಮಿಶ್ರಣವನ್ನು ಬಸಿರಿನಲ್ಲಿ ಕೊಡುತ್ತಿದ್ದದ್ದಕ್ಕಿಂತ ಎರಡರಷ್ಟು ಕೊಡಿ. ಎಂಟು ಮರಿ ಎಂಟು ವಾರ ಹಾಲು ಕುಡಿದರೆ ತಾಯಿಯ ಮೂಳೆಯಿಂದ ಎಷ್ಟು ಹೋಗಿರುತ್ತೆ ಹೇಳಿ. ಮರಿ ಬಿಡಿಸಿದ ದಿನವೇ ಅದನ್ನು ಬೇರೆ ಹಂದಿಗಳ ಜೊತೆ ಗುದ್ದಾಟಕ್ಕೆ ಬಿಡಬೇಡಿ, ಜಾರುವ ಸಿಮೆಂಟ್ ನೆಲದ ಮೇಲೂ ಓಡಿಸಬೇಡಿ. ಕಾಲು ಮುರಿಯುವುದು ಆಗಲೇ.

ಎಲ್ಲ ಕುಂಟೂ ಮೂಳೆಯದ್ದಲ್ಲ. ಮೈ ಸುಡುತ್ತಿದ್ದರೆ, ಗೊರಸಿನಲ್ಲಿ ಗಾಯವಿದ್ದರೆ ಪಶುವೈದ್ಯರನ್ನು ಕರೆಯಿರಿ. ಉಳಿದಂತೆ, ಬೆಳಿಗ್ಗೆ ಬಾನಿ ಬಡಿದಾಗ ದೊಡ್ಡಿಯ ಬಾಗಿಲಲ್ಲೇ ಎರಡು ನಿಮಿಷ ನಿಲ್ಲಿ. ಎಲ್ಲವೂ ಓಡಿ ಬಂದ ಮೇಲೆ, ಮುಂಗಾಲು ಊರಿ ತಡೆದು ತಡೆದು ಏಳುವ ಒಂದು ಇರುತ್ತದೆ. ಅದರ ಪಾಲನ್ನು ಬೇರೆ ಬಾನಿಗೆ ಹಾಕಿ.